ಪಾತ್ರೆ ಅಂಗಡಿಯ ಸರ್ವರ್

ಗಂಟೆಗೆ ಒಂದು ಲೋಟ ಚಹಾದ ಬೆಲೆಯೂ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ, ಪಾಪ, ಇವನಿಗೆ ಏನು ನಷ್ಟವಾಗುತ್ತಿತ್ತೋ ಎಂದು ನೀವು ನನ್ನ ಪರ ವಹಿಸಬಹುದು. ಆ ಬೆಲೆಯಲ್ಲಿ ಎರಡು ಬಾಡಿಗೆ ಸೇರಿದ್ದವು. ಒಂದು, ಎಲ್ಲೋ ದೂರದ ಕಟ್ಟಡದಲ್ಲಿ ನಮಗಾಗಿ ಓಡುವ ಸರ್ವರಿನದು. ಇನ್ನೊಂದು, ಅದರೊಳಗೆ ಹಾಕಿದ್ದ ಲಿನಕ್ಸಿನದು, ಅಂದರೆ ಆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದ್ದು. ಲಿನಕ್ಸ್ ಪುಕ್ಕಟೆಯಾಗಿಯೂ ಸಿಗುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಇದು ವ್ಯವಹಾರಸ್ಥರಿಗೆಂದೇ ಮಾಡಿದ್ದು. ಅಪ್‌ಡೇಟುಗಳನ್ನು ಕಂಪನಿಯವರೇ ಪರೀಕ್ಷಿಸಿ ಕಳಿಸುತ್ತಾರೆ, ಏನಾದರೂ ಕೆಟ್ಟರೆ ಫೋನಿನಲ್ಲಿ ಒಬ್ಬ ಎಂಜಿನಿಯರ್ ಸಿಗುತ್ತಾನೆ. ಓಡಿದಷ್ಟು ಗಂಟೆಗೆ ದುಡ್ಡು, ನಿಲ್ಲಿಸಿದರೆ ಇಲ್ಲ.

ನನ್ನದು ಸಾಗರದಲ್ಲಿ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿ. ಬೇರೆಯವರಿಂದ ಬಾಡಿಗೆಗೆ ತಂದ ಕುರ್ಚಿಗಳನ್ನು ಮರುಬಾಡಿಗೆಗೆ ಕೊಟ್ಟು ಶುರು ಮಾಡಿದವನು ನಾನು. ಈಗ ಹೊಸನಗರದಲ್ಲೊಂದು, ತೀರ್ಥಹಳ್ಳಿಯಲ್ಲೊಂದು ಗೋದಾಮಿದೆ. ಯಾವ ಹಂಡೆ ಯಾವ ದಿನ ಯಾರ ಮನೆಯಲ್ಲಿರಬೇಕು ಎಂಬುದನ್ನು ಮೂರೂ ಊರಿನವರು ಒಂದೇ ಕಡೆ ನೋಡಲಿ ಎಂದು ಒಂದು ಬುಕಿಂಗ್ ಪ್ರೋಗ್ರಾಂ ಮಾಡಿಸಿದ್ದೆ. ಅದು ಇದ್ದದ್ದು ಆ ಸರ್ವರಿನಲ್ಲಿ. ಜನ ಮುಂಗಡ ಕಟ್ಟುತ್ತಿದ್ದದ್ದೂ ಅದರಲ್ಲೇ.

ಅದನ್ನು ನೋಡಿಕೊಳ್ಳುತ್ತಿದ್ದವಳು ಹೊಸನಗರದ ಕಡೆಯ ಒಬ್ಬ ಹೆಣ್ಣುಮಗಳು. ತಿಂಗಳ ಸಂಬಳಕ್ಕೆ ಬರುತ್ತಿದ್ದಳು. ಸಂಬಳ ನಿಗದಿ ಮಾಡುವಾಗ ನಾನು ಎಷ್ಟು ಚೌಕಾಶಿ ಮಾಡಿದ್ದೆ ಎಂಬುದನ್ನು ಬರೆಯುವುದಿಲ್ಲ. ಆ ಲಿನಕ್ಸ್ ಕಂಪನಿಯ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕೂತು ಪಾಸು ಮಾಡಿದ್ದಳು. ನಮ್ಮ ಕಡೆಯ ಸೊಸೈಟಿ, ಶಾಲೆ, ನರ್ಸಿಂಗ್ ಹೋಮುಗಳ ಸರ್ವರ್ ನೋಡಿಕೊಳ್ಳುವ ಸ್ವಂತ ಕೆಲಸ ಕಟ್ಟಬೇಕೆಂಬುದು ಅವಳ ಆಸೆ. ಅದಕ್ಕಾಗಿ ಕಂಪನಿಯ ಮಾನ್ಯತೆ ಪಡೆದವರ ಸಾಲಿಗೆ ಸೇರಲು ಅರ್ಜಿ ಹಾಕಿದ್ದಳು, ಉತ್ತರ ಕಾಯುತ್ತಿದ್ದಳು. ಏನಾದರೂ ಕೆಟ್ಟಾಗ ಕಂಪನಿಯ ಸಹಾಯ ಕೇಳುವ ನಮ್ಮ ಅಂಗಡಿಯ ಖಾತೆ ಇದ್ದದ್ದೂ ಅವಳ ಹೆಸರಿನಲ್ಲೇ. ನನ್ನ ಹೆಸರಿನಲ್ಲಿ ತೆರೆಯಲು ಪಾಸ್‌ವರ್ಡು, ಓಟಿಪಿ ಎಂದೆಲ್ಲ ಇತ್ತು. ನನಗೆ ಬೇಜಾರು.

ಬಾಡಿಗೆ ಎಂದಮೇಲೆ ಚೌಕಾಶಿ ಇರಲೇಬೇಕು ಎಂದು ನಂಬಿದವನು ನಾನು. ಸರ್ವರ್ ಕೊಡುವವರ ಮಾರಾಟದ ನಂಬರಿಗೆ ಫೋನ್ ಮಾಡಿದೆ.

"ನಾಳೆಯಿಂದ ವರ್ಷವಿಡೀ ಓಡಿಸ್ತೀನಿ ಅಂದ್ಕೊಳ್ಳಿ. ಕಡೆ ರೇಟು ಎಷ್ಟು?"

"ವರ್ಷದ ರೇಟೂ ಸ್ಕ್ರೀನಲ್ಲೇ ಇದೆ ಸರ್."

"ಅದು ಎಲ್ಲರಿಗೂ ಹೇಳೋದು. ನನಗೆ ಹೇಳಿ."

"ನೀವೂ ಎಲ್ಲರ ಪೈಕಿನೇ ಸರ್."

ಮಾತು ಅಲ್ಲಿಗೆ ಮುಗಿಯಿತು. ಚೌಕಾಶಿಗೆ ಬಗ್ಗದ ವ್ಯಾಪಾರಿ ನನಗೆ ಮೋಸ ಮಾಡುತ್ತಿದ್ದಾನೆಂದೇ ನನ್ನ ಲೆಕ್ಕ. ಅದೇ ದಿನ ಅವಳಿಗೆ ಹೇಳಿದೆ, ಬಾಡಿಗೆ ಲಿನಕ್ಸ್ ತೆಗೆದು ಪುಕ್ಕಟೆಯದು ಹಾಕು ಎಂದು.

"ಹಾಕಬಹುದು ಅಣ್ಣ. ಅದೂ ಒಳ್ಳೇದೇ. ಆದ್ರೆ ನಾಳೆ ಎಂತಾದ್ರೂ ಕೆಟ್ಟರೆ ಕೇಳಕ್ಕೆ ಯಾರೂ ಇರಲ್ಲ."

"ನೀನಿದ್ದೀಯಲ್ಲ ಮಾರಾಯ್ತಿ."

"ನಾನು ಇಡೀ ಕಂಪನಿನಾ?"

ಅವಳು ನಕ್ಕಳು, ನಾನೂ ನಕ್ಕೆ. ಹೊಸ ಸರ್ವರ್ ತೆರೆದು, ಪುಕ್ಕಟೆಯದನ್ನು ಹಾಕಿ, ಬುಕಿಂಗ್‌ಗಳನ್ನೆಲ್ಲ ಅಲ್ಲಿಗೆ ಸಾಗಿಸಿದಳು. ಹಳೆಯದನ್ನು ಮುಚ್ಚಿಸಿದೆ. ಕೆಲವು ತಿಂಗಳು ಎಲ್ಲ ಸುಸೂತ್ರವಾಗಿತ್ತು. ಎದುರಿಗೆ ಸಿಕ್ಕವರಿಗೆಲ್ಲ ನಾನು ಈ ಉಳಿತಾಯದ ವಿಷಯ ಹೇಳಿದೆ. ಹೋಟೆಲಿನವನಿಗೂ ಹೇಳಿದೆ, ಅವನಿಗೆ ಸರ್ವರ್ ಎಂದರೆ ಏನೆಂದೇ ಗೊತ್ತಿರಲಿಲ್ಲ.

ಮದುವೆಗಳ ಕಾಲದಲ್ಲಿ ಒಂದು ಬೆಳಿಗ್ಗೆ ಅಪ್‌ಡೇಟ್ ಆದಮೇಲೆ ಸರ್ವರ್ ಎದ್ದಿತು, ಆದರೆ ಬುಕಿಂಗ್‌ಗಳಿದ್ದ ಡಿಸ್ಕ್ ತೆರೆಯಲಿಲ್ಲ. ಆನಂದಪುರದಲ್ಲಿ ಮದುವೆ, ತೀರ್ಥಹಳ್ಳಿಯಲ್ಲಿ ಉಪನಯನ, ಹಿನ್ನೀರಿನಾಚೆ ಬ್ಯಾಕೋಡಿನಲ್ಲಿ ಗೃಹಪ್ರವೇಶ. ಯಾರು ಎಷ್ಟು ಹೇಳಿದ್ದಾರೆ, ಯಾವ ಗೋದಾಮಿನಿಂದ ಯಾವುದು ಹೊರಡಬೇಕು ಎಂದು ಯಾರಿಗೂ ಗೊತ್ತಿಲ್ಲ. ಲಾರಿಯವನು ಎಂಜಿನ್ ಚಾಲೂ ಇಟ್ಟು ಕೆಳಗೆ ಕಾಯುತ್ತಿದ್ದ. ಮಹಡಿಯ ಕೋಣೆಯಲ್ಲಿ ಅವಳು ಲ್ಯಾಪ್‌ಟಾಪಿನ ಮುಂದೆ ಕೂತು ತನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದಳು. ಆಮೇಲೆ ಹೇಳಿದಳು, "ಇನ್ನು ಕೈ ಹಾಕಿದ್ರೆ ಇದ್ದದ್ದೂ ಹೋಗಬಹುದು. ನನಗೆ ಹೆದರಿಕೆ ಆಗ್ತದೆ."

ಆಗ ನನ್ನ ತಲೆ ಓಡಿತು. ಓಡಬಾರದಿತ್ತು.

ನಮ್ಮ ವ್ಯಾಪಾರದಲ್ಲಿ ಒಂದು ಕಳ್ಳದಾರಿ ಇದೆ. ಒಂದು ಮನೆಯ ಕಾರ್ಯಕ್ಕೆಂದು ಪಾತ್ರೆ ಒಯ್ದು, ಅದೇ ಬಾಡಿಗೆಯಲ್ಲಿ ಪಕ್ಕದ ಮನೆಯ ಕಾರ್ಯವನ್ನೂ ಮುಗಿಸಿಬಿಡುತ್ತಾರೆ. ಸತ್ಯನಾರಾಯಣ ಪೂಜೆಗೆ ಹೋದ ಕೊಳಗ ವಾಪಸು ಬಂದಾಗ ಮೂಗು ಹತ್ತಿರ ಹಿಡಿದರೆ ಸಾಕು, ಮೀನುಸಾರಿನ ವಾಸನೆ. ಹಾಗೆ ಸಿಕ್ಕಿಬಿದ್ದವರನ್ನು ನಾನು ಅಂಗಡಿಯ ಮುಂದೆ, ನಾಲ್ಕು ಜನ ಕೇಳುವ ಹಾಗೆ ಬೈದಿದ್ದೇನೆ. ಒಬ್ಬಾಕೆಯ ಕಣ್ಣಲ್ಲಿ ನೀರು ಬರುವವರೆಗೂ ಬೈದದ್ದುಂಟು.

ಆ ಬೆಳಿಗ್ಗೆ ಅವಳಿಗೆ ನಾನು ಹೇಳಿದೆ, "ಬಾಡಿಗೆ ಲಿನಕ್ಸಿನ ಸರ್ವರ್ ಒಂದನ್ನ ಈಗ್ಲೇ ತೆರೆ. ಒಂದು ಗಂಟೆಗೆ ಸಾಕು. ದುಡ್ಡು ಕೊಟ್ಟಮೇಲೆ ಸಹಾಯ ಕೊಡಲೇಬೇಕಲ್ಲ. ಕೆಟ್ಟಿದ್ದು ಅದೇ ಅಂತ ಹೇಳು, ಇದನ್ನ ರಿಪೇರಿ ಮಾಡಿಸ್ಕೊ, ಆಮೇಲೆ ಅದನ್ನ ಮುಚ್ಚು."

ಅವಳು ನನ್ನ ಮುಖ ನೋಡಿದಳು. "ಸಹಾಯ ಕೇಳೋ ಟಿಕೆಟ್ ನನ್ನ ಹೆಸರಲ್ಲಿ ಹೋಗ್ತದೆ ಅಣ್ಣ. ನನ್ನ ಮಾನ್ಯತೆ ಅರ್ಜಿ ಬೇರೆ ಅವರ ಹತ್ರಾನೇ ಇದೆ."

"ಅವರಿಗೆ ಅಷ್ಟೆಲ್ಲ ನೋಡಕ್ಕೆ ಪುರುಸೊತ್ತಿರ್ತದಾ? ಕೆಳಗೆ ಲಾರಿ ನಿಂತಿದೆ."

ಸರ್ವರನ್ನೇನೋ ತೆರೆದಳು, ಸಹಾಯಕ್ಕೆ ಟಿಕೆಟನ್ನೂ ಕಳಿಸಿದಳು. ಆದರೆ ಏನು ಕೆಟ್ಟಿದೆ ಎಂಬ ಜಾಗದಲ್ಲಿ 'ಫೋನಿನಲ್ಲಿ ಹೇಳುತ್ತೇವೆ' ಎಂದಷ್ಟೇ ಬರೆದಳು. ಸ್ವಲ್ಪ ಹೊತ್ತಿಗೆ ಕರೆ ಬಂತು. ಎಂಜಿನಿಯರ್ ಇಂಗ್ಲಿಷಿನಲ್ಲಿ ಶುರು ಮಾಡಿದವನು ನಮ್ಮ ಮಾತು ಕೇಳಿ ಹುಬ್ಬಳ್ಳಿ ಕಡೆಯ ಕನ್ನಡಕ್ಕೆ ಬಂದ. ಅವಳು ಬಾಯಿ ಬಿಡಲು ತಡಮಾಡುತ್ತಿದ್ದಾಳೆಂದು ನಾನೇ ಫೋನ್ ಕಸಿದುಕೊಂಡು ಸ್ಪೀಕರ್ ಹಾಕಿದೆ. ದುಡ್ಡು ಕೊಟ್ಟು ತಗೊಂಡ ಸರ್ವರ್, ಎರಡು ವರ್ಷದ ಬುಕಿಂಗ್ ಎಲ್ಲ ಅದರಲ್ಲೇ ಸಿಕ್ಕಿಬಿದ್ದಿದೆ, ಮದುವೆ ಮನೆಗಳು ಕಾಯುತ್ತಿವೆ ಎಂದು ಜೋರಾಗಿಯೇ ಹೇಳಿದೆ.

ಅವನು ಪೂರ್ತಿ ಕೇಳಿಸಿಕೊಂಡ. "ಸರ್, ನಿಮ್ಮ ಖಾತೆಯೊಳಗ ಕಾಣೋ ಸರ್ವರ್ ಈಗರ ಚಾಲೂ ಆಗೇತ್ರಿ. ಅರ್ಧ ತಾಸೂ ಆಗಿಲ್ಲ. ಅದರಾಗ ಎರಡು ವರ್ಷದ ಬುಕಿಂಗ್ ಹೆಂಗ ಬಂದ್ವ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಾನು ಹೇಳಿದ್ದು ಇಷ್ಟು: "ನನಗೆ ಇದೆಲ್ಲ ಗೊತ್ತಾಗಲ್ಲ ಸ್ವಾಮಿ. ನಮ್ಮ ಹುಡುಗಿ ಎಂತ ಮಾಡಿಟ್ಟಿದ್ದಾಳೋ ಏನೋ."

ಅವಳು ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು. ಈ ಮಾತು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಅವಳು ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. ಕೆಟ್ಟಿರುವ ಸರ್ವರ್ ಬೇರೆ, ಅದರಲ್ಲಿ ನಿಮ್ಮ ಲಿನಕ್ಸ್ ಇಲ್ಲ, ಇದನ್ನು ನಿಮ್ಮನ್ನು ಕರೆಯಲಿಕ್ಕೆಂದೇ ತೆರೆದದ್ದು, ತಪ್ಪಾಯಿತು ಎಂದಳು. ಯಾರ ತಪ್ಪು ಎಂದು ಹೇಳಲಿಲ್ಲ.

ಅವನು ಹೇಳಿದ, "ಆ ಮಷೀನಿಗೆ ನಾವು ಕೈ ಹಚ್ಚಾಕ ಬರೂದಿಲ್ಲ ಮೇಡಂ. ಆದರ ಡಿಸ್ಕಿಂದ ಒಂದು ಪ್ರತಿ ತಗದು ಈ ಹೊಸಾದಕ್ಕ ಜೋಡಸ್ರಿ. ಇದರಾಗ ತ್ರಾಸ ಆದರ ಅದು ನಮ್ಮ ಕೆಲಸ."

ಅವಳು ಹಾಗೆಯೇ ಮಾಡಿದಳು, ಮಧ್ಯಾಹ್ನದ ಊಟದ ಹೊತ್ತಿಗೆ ಹೊಸ ಸರ್ವರಿನಲ್ಲಿ ಬುಕಿಂಗ್ ತೆರೆದುಕೊಂಡಿತು. ಅಷ್ಟರಲ್ಲಿ ನಾನು ಕೆಳಗಿಳಿದು ಗಿರಾಕಿಗಳಿಗೇ ಫೋನ್ ಮಾಡಿ, ನೀವು ಎಷ್ಟು ಹೇಳಿದ್ದಿರಿ ಎಂದು ಕೇಳಿ ಲಾರಿ ಕಳಿಸಿಯಾಗಿತ್ತು. ಬ್ಯಾಕೋಡಿನ ಯಜಮಾನರು "ಏನ್ರೀ, ನಮ್ಮನೆ ಲೆಕ್ಕ ನಮ್ಮನ್ನೇ ಕೇಳ್ತೀರಾ?" ಎಂದು ನಕ್ಕರು. ಅದು ನನಗೆ ತಾಗಲೇ ಇಲ್ಲ. ಮಹಡಿ ಹತ್ತುವುದು ಹೇಗೆ ಎಂಬುದೇ ನನ್ನ ಚಿಂತೆಯಾಗಿತ್ತು.

ಹತ್ತಿದೆ. ಅವಳು ಬ್ಯಾಗಿಗೆ ಲ್ಯಾಪ್‌ಟಾಪ್ ಹಾಕುತ್ತಿದ್ದಳು. "ಟಿಕೆಟಲ್ಲಿ ಬರೀರಿ," ಎಂದಳು, "ಅದನ್ನ ಮಾಡಿಸಿದ್ದು ನೀವು ಅಂತ."

"ಕೆಲಸ ಆಯ್ತಲ್ಲ ಮಾರಾಯ್ತಿ. ಅವನು ಒಳ್ಳೆಯವನು, ಮರೆತಿರ್ತಾನೆ. ಈ ತಿಂಗಳು ನಿನಗೆ ಸ್ವಲ್ಪ ಜಾಸ್ತಿ..."

ಅವಳು ಚೌಕಾಶಿಗೆ ನಿಂತಿರಲಿಲ್ಲ, ಕಾಯುತ್ತಿದ್ದಳು. ನನಗೆ ಇಂಗ್ಲಿಷ್ ಬರೆಯಲು ಬಾರದು, ನೀನೇ ಟೈಪ್ ಮಾಡು ಎಂದೆ. ಕನ್ನಡದಲ್ಲೇ ಬರೆಯಿರಿ, ಅವರಿಗೆ ಓದಲು ಬರುತ್ತದೆ ಎಂದಳು. ಒಂದು ಬೆರಳಿನಲ್ಲಿ ಅಕ್ಷರ ಹುಡುಕುತ್ತ ಬರೆದೆ: ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಮಾಡಿಸಿದವನು ಅಂಗಡಿಯ ಮಾಲೀಕನಾದ ನಾನು. ಅವರು ಬೇಡ ಎಂದಿದ್ದರು. ಅವಳು ಓದಿ, 'ಅವರು' ಎಂದಿದ್ದ ಕಡೆ ತನ್ನ ಹೆಸರು ಹಾಕಲು ಹೇಳಿದಳು. ಹಾಕಿ ಕಳಿಸಿದೆ.

ಅವಳ ಮಾನ್ಯತೆಯ ಅರ್ಜಿಗೆ ಉತ್ತರ ಬರುವವರೆಗೆ ಅವಳಿಗಿಂತ ನಾನೇ ಹೆಚ್ಚು ಕಾದೆನೇನೋ. ಬಂತು, ಒಪ್ಪಿದ್ದರು. ಅವಳು ನನಗೆ ಹೇಳಲಿಲ್ಲ, ತೀರ್ಥಹಳ್ಳಿ ಗೋದಾಮಿನವನಿಂದ ತಿಳಿಯಿತು. ಈಗ ಅವಳಿಗೆ ಕೈತುಂಬ ಕೆಲಸ. ನನ್ನ ಕೆಲಸವನ್ನೂ ಬಿಟ್ಟಿಲ್ಲ, ಆದರೆ ಸಂಬಳಕ್ಕಲ್ಲ, ಗಂಟೆ ಲೆಕ್ಕಕ್ಕೆ. ರೇಟು ಹೇಳಿದಳು, ನಾನು ಒಪ್ಪಿದೆ. ಮೊದಲೆಲ್ಲ ಅಂಗಡಿಗೆ ಬಂದರೆ ಕಾಫಿ ಕುಡಿದು, ಹೊಸನಗರದ ಬಸ್ಸಿನ ಹೊತ್ತಾಗುವವರೆಗೆ ಹರಟುತ್ತಿದ್ದಳು. ಈಗ ಕೆಲಸ ಮುಗಿದ ಕೂಡಲೇ ಏಳುತ್ತಾಳೆ.

ನೀವೂ ಸಣ್ಣ ವ್ಯಾಪಾರಸ್ಥರಾಗಿದ್ದು ಇಂಥದ್ದು ಇಟ್ಟುಕೊಳ್ಳುವವರಾದರೆ ಕೇಳಿ. ಖಾತೆಯನ್ನು ನಿಮ್ಮ ಹೆಸರಿನಲ್ಲೇ ತೆರೆಯಿರಿ, ಓಟಿಪಿ ಬೇಜಾರೆಂದು ಕೆಲಸದವರ ಹೆಸರು ಕೊಡಬೇಡಿ. ಖರ್ಚು ಇಳಿಸಲು ನ್ಯಾಯವಾದ ದಾರಿಗಳಿವೆ: ವರ್ಷಕ್ಕೆ ಮೊದಲೇ ಒಪ್ಪಿಕೊಂಡರೆ ಸರ್ವರ್ ಬಾಡಿಗೆ ಇಳಿಯುತ್ತದೆ. ಪರೀಕ್ಷೆಗೆಂದು ತೆರೆದ ಸರ್ವರನ್ನು ಸಂಜೆ ನಿಲ್ಲಿಸಿ, ಆದರೆ ನಿಲ್ಲಿಸಿದರೂ ಡಿಸ್ಕಿನ ಬಾಡಿಗೆ ಓಡುತ್ತಿರುತ್ತದೆ ಎಂಬುದು ನೆನಪಿರಲಿ. ಪುಕ್ಕಟೆ ಲಿನಕ್ಸ್ ಬೇಡವೆನ್ನುವುದಿಲ್ಲ. ಹಾಕಿದರೆ, ಕೆಟ್ಟಾಗ ಬರುವವರು ಯಾರೆಂದು ಆ ದಿನವೇ ಗೊತ್ತುಮಾಡಿ, ಅವರ ರೇಟು ಒಪ್ಪಿಕೊಳ್ಳಿ. ಅಪ್‌ಡೇಟಿಗೆ ಮುಂಚೆ ಡಿಸ್ಕಿನ ಪ್ರತಿ ತೆಗೆಸಿ. ಸಹಾಯಕ್ಕೆ ಫೋನ್ ಮಾಡಬೇಕಾಗಿ ಬಂದರೆ, ಯಾವ ಮಷೀನು, ಅದಕ್ಕೆ ಏನು ಮಾಡಿದಿರಿ, ಮಾಡಲು ಹೇಳಿದವರು ಯಾರು, ಈ ಮೂರನ್ನು ಅವರು ಕೇಳುವ ಮೊದಲೇ ಹೇಳಿಬಿಡಿ.