ಅತ್ತಿಮರಕ್ಕೆ ಹೇಳಿದ ಮಾತು

‘ಮರಕ್ಕೆ ಹೇಳದೆ ಕಡಿಯಲು ಹೋದರು, ಅದಕ್ಕೇ ಹೆಜ್ಜೇನು ಬಿಡಲಿಲ್ಲ’ ಎಂದು ನಮ್ಮೂರು ಕೋಗಿಲಿನಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ಹೇಳಿಯೇ ಹೋಗಿದ್ದೆವು, ನಾನೇ ಸಾಕ್ಷಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ, ಶಕುನ, ಶಾಪಗಳನ್ನೆಲ್ಲ ಚಿಂದಿ ಮಾಡಿ ಕಪ್ ಗೆದ್ದವಳು ನಾನು. ಇದನ್ನು ನಂಬಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಕಂಡದ್ದನ್ನು ಹೇಳುತ್ತೇನೆ, ವಾದ ನೀವೇ ಹೂಡಿ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಹೊಲದಲ್ಲಿ ಚಿಕ್ಕಪ್ಪ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟರು. ಜಾಗದ ನಡುವೆ ಒಂದು ಅತ್ತಿಮರ, ಅದರ ಎತ್ತರದ ಕೊಂಬೆಯಲ್ಲಿ ಹೆಜ್ಜೇನಿನ ಗೂಡು. ಮರ ಕಡಿಯುವ ಹಿಂದಿನ ಸಂಜೆ ಅದಕ್ಕೆ ತಿಳಿಸುವುದು ನಮ್ಮ ಮನೆಯ ಪದ್ಧತಿ. ಅಜ್ಜಿ ಬುಡಕ್ಕೆ ಅರಿಶಿನದ ನೀರು ಹಾಕಿ ಕೈಮುಗಿದಳು. “ನಾಳೆ ಕಡೀತೀವಿ ಕಣ್ರಪ್ಪಾ. ಇರೋರೆಲ್ಲ ಬ್ಯಾರೆ ಕಡೆ ಓಗ್ಬುಡಿ.”

“ಏನ್ ಲಾಯರಮ್ಮ, ನೋಟಿಸ್ ಸರಿಯಾಗಿದ್ಯಾ?” ಚಿಕ್ಕಪ್ಪ ನನ್ನನ್ನು ಕೆಣಕಿದರು.

“ಜೇನು ಸ್ಟೇ ತಂದ್ರೆ ಏನ್ ಮಾಡ್ತೀರಾ ಚಿಕ್ಕಪ್ಪ?”

“ಇಂಗೆಲ್ಲ ಆಡ್ಬೇಡ್ರಿ, ನಡೀರಿ,” ಎಂದು ಅಜ್ಜಿ ಗದರಿದಳು. ನಾವು ಹೊರಟ ಮೇಲೆ ಚಿಕ್ಕಪ್ಪ ಒಬ್ಬರೇ ಹಿಂದಿರುಗಿ, ಕಾಂಡದ ಹತ್ತಿರ ಬಾಯಿಟ್ಟು ಏನೋ ಹೇಳಿದರು. ಬರುವಾಗ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ಮರದಲ್ಲಿ ಅಳಿಲಿರಲಿಲ್ಲ, ಕಾಗೆಯಿರಲಿಲ್ಲ, ತೊಗಟೆಯ ಮೇಲೆ ಇರುವೆಯ ಸಾಲೂ ಇರಲಿಲ್ಲ. ಹೆಜ್ಜೇನು ಮಾತ್ರ ಇತ್ತು. ಜೆಸಿಬಿ ರಸ್ತೆಯಲ್ಲೇ ನಿಂತಿತ್ತು, ಡ್ರೈವರ್ ಚಹಾ ಕುಡಿಯುತ್ತಿದ್ದ. ಚಿಕ್ಕಪ್ಪ ಮರದ ಕೆಳಗೆ ಹೋಗಿ ನಿಂತರು, ಅಷ್ಟೆ. ಕರಿಯ ಪರದೆ ಕಳಚಿ ಬಿದ್ದಂತೆ ಜೇನು ಇಳಿದು ಅವರ ಮುಖವನ್ನು ಮುಚ್ಚಿತು. ಕಿರುಚಿದರೆ ಬಾಯೊಳಗೂ ನುಗ್ಗಿತು. ಅವರು ತಮ್ಮ ಕೆನ್ನೆಯನ್ನೇ ಉಗುರಿನಿಂದ ಬಗೆದುಕೊಳ್ಳುತ್ತ, ರಕ್ತ ಉಗುಳುತ್ತ ಮಣ್ಣಿನಲ್ಲಿ ಹೊರಳಾಡಿದರು. ನಾನು ಟಾರ್ಪಾಲು ಹಿಡಿದು ಓಡಿ, ಅವರ ಮೇಲೆ ಬಿದ್ದು, ತಬ್ಬಿಕೊಂಡೇ ಎಳೆದೆ. ನನ್ನ ಕತ್ತು, ತುಟಿ, ಕಣ್ಣರೆಪ್ಪೆಗಳ ಮೇಲೆಲ್ಲ ಜೇನು ಹರಿದಾಡಿತು. ಒಂದೂ ಕಚ್ಚಲಿಲ್ಲ.

ಸೆಂಟಿನ ವಾಸನೆಗೆ ಬಂದವು ಅನ್ನುತ್ತೀರಾ? ಸೆಂಟು ಹಾಕಿಕೊಂಡಿದ್ದವಳು ನಾನು. ಕಪ್ಪು ಬಟ್ಟೆ? ಅದೂ ನನ್ನದೇ, ಅವರದು ಬಿಳಿ ಶರ್ಟು. ಮೊದಲ ಜೇನು ಮುಳ್ಳು ಚುಚ್ಚಿದಾಗ ಬಿಡುವ ವಾಸನೆಗೆ ಉಳಿದವೂ ಅಲ್ಲೇ ಮುತ್ತುತ್ತವೆ, ಒಪ್ಪುತ್ತೇನೆ. ಆದರೆ ತಬ್ಬಿಕೊಂಡಿದ್ದ ನನಗೂ ಆ ವಾಸನೆ ಮೆತ್ತಿರಲೇಬೇಕಲ್ಲ? ಇದರ ಮುಂದೆ ನನ್ನ ವಾದ ಓಡುವುದಿಲ್ಲ.

ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ಚಿಕ್ಕಪ್ಪ ಹೇಗೋ ಬದುಕಿಕೊಂಡರು, ಎಡಗಣ್ಣು ಹೋಯಿತು. ಮರ ಹಾಗೇ ಇದೆ. ಮುಟ್ಟಲು ಅವರೇ ಬಿಡುವುದಿಲ್ಲ. ಬೇರೆಲ್ಲ ಮಾತನಾಡುತ್ತಾರೆ, ನನ್ನನ್ನು ಈಗಲೂ ಲಾಯರಮ್ಮ ಎಂದೇ ಕೆಣಕುತ್ತಾರೆ. ಇದೊಂದು ಪ್ರಶ್ನೆಗೆ ಮಾತ್ರ ಗೋಡೆಯ ಕಡೆ ತಿರುಗುತ್ತಾರೆ. ಮೊನ್ನೆಯೂ ಕೇಳಿದೆ:

“ಅವತ್ತು ಸಂಜೆ ಮರಕ್ಕೆ ಏನ್ ಹೇಳಿದ್ರಿ ಚಿಕ್ಕಪ್ಪ?”