ಇಂದ್ರಮ್ಮನ ಮನೆಯ ‘ಮೊನ್ನೆ’

ಚೇತನಾಳನ್ನು ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸಲು ಅವಳ ಅತ್ತೆ ಇಂದ್ರಮ್ಮ ಒಪ್ಪಿದ್ದಕ್ಕೆ ಒಂದೇ ಕಾರಣ, ಬಸವೇಶ್ವರನಗರದ ನಮ್ಮ ಮನೆ ಅವರ ಮನೆಗೆ ಎದುರಿಗೇ ಇದೆ. ಅವರು ವರಾಂಡದ ಕುರ್ಚಿಯಲ್ಲಿ ಕೂತರೆ ನನ್ನ ಮುಂದಿನ ಕೋಣೆಯೂ ಅದರೊಳಗಿನ ಸೊಸೆಯ ತಲೆಯೂ ಕಾಣುತ್ತವೆ. ಒಮ್ಮೆ ಕಿಟಕಿಗೆ ಪರದೆ ಎಳೆದಿದ್ದೆ. ಇಂದ್ರಮ್ಮ ಸೀದಾ ಬಂದು “ಮೇಡಂ, ಗಾಳಿ ಬೇಡ್ವಾ?” ಎಂದರು. ಅಂದಿನಿಂದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಮನಸ್ಸಿನಲ್ಲೇ ಬೈದುಕೊಂಡು ಪಾಠ ಮಾಡುತ್ತೇನೆ.

ಚೇತನಾಳ ಗಂಡ ಸಂಪತ್ ತೀರಿಕೊಂಡು ನಾಲ್ಕು ವರ್ಷವಾಯಿತು. ಊಟಕ್ಕೆ ಕೂತವನು ಎದೆ ಹಿಡಿದುಕೊಂಡ, ಆಸ್ಪತ್ರೆ ಮುಟ್ಟಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ತುಂಬಿದ ಮೇಲೆ ನೆಂಟರು ಯಾರಾದರೂ ಬಂದು ಸಿಹಿ ಮಾಡಿ ಉಣ್ಣಿಸಿ ಮತ್ತೆ ಹಬ್ಬ ಶುರುಮಾಡಿಸಬೇಕು. ಅದು ನಮ್ಮವರ ಪದ್ಧತಿ. ಇಂದ್ರಮ್ಮನ ತಮ್ಮ ನಾಗಭೂಷಣ್ ಕೆಂಗೇರಿಯಿಂದ ಬೇಳೆ, ಬೆಲ್ಲ ಹಿಡಿದುಕೊಂಡೇ ಬಂದಿದ್ದರು.

“ಮೊನ್ನೆ ಮೊನ್ನೆ ಮಗನ್ನ ಕಳ್ಕೊಂಡಿದೀನಿ, ನಂಗೆ ಒಬ್ಬಟ್ಟು ತಿನ್ಸೋಕೆ ಬಂದ್ಯಾ?” ಎಂದು ಅಕ್ಕ ಬಾಗಿಲಿನಿಂದಲೇ ಸಾಗಹಾಕಿದರು. ಆತ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಎಲ್ಲದಕ್ಕೂ ಅದೇ ಮಾತು. ಚೇತನಾ ಸ್ವಂತ ತಂಗಿಯ ಮದುವೆಗೆ ಹೋಗುವಂತಿಲ್ಲ, ಮೊನ್ನೆ ತಾನೆ ಆಗಿದೆ. ಹೊಸ ಸೀರೆ ಉಡುವಂತಿಲ್ಲ, ಮೊನ್ನೆ ತಾನೆ ಆಗಿದೆ. ಸಂಕ್ರಾಂತಿಗೆ ಎಳ್ಳು ಬೀರುವ ಹೆಂಗಸರು ಆ ಗೇಟಿನ ಮುಂದೆ ಮಾತು ನಿಲ್ಲಿಸಿ ಮುಂದಿನ ಮನೆಗೆ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಎದುರುಮನೆಯ ಉಸಾಬರಿ ನನಗೇಕೆ ಎಂದು ಸುಮ್ಮನಿದ್ದೆ.

ಯುಗಾದಿಗೆ ಮುಂಚಿನ ವಾರ ‘ರೀಸೆಂಟ್’ ಎಂಬ ಪದ ಹೇಳಿಕೊಡುತ್ತಿದ್ದೆ. ಇತ್ತೀಚಿನದು, ಆಗಿ ಬಹಳ ಕಾಲವಾಗದ್ದು ಎಂದು ಅರ್ಥ ಹೇಳಿ, ಒಬ್ಬೊಬ್ಬರೂ ಒಂದು ವಾಕ್ಯ ಮಾಡಿ ಎಂದೆ. ಚೇತನಾ ಎದ್ದು ನಿಂತು, ತಪ್ಪಿಲ್ಲದ ಇಂಗ್ಲಿಷಿನಲ್ಲಿ, ನನ್ನ ಗಂಡನ ಸಾವು ರೀಸೆಂಟ್ ಎಂದಳು.

ಗದಗಿನ ಕಡೆಯಿಂದ ಬಂದು ಊಟದ ಡೆಲಿವರಿ ಮಾಡುವ ಫಕೀರೇಶ ಕನಿಕರದಿಂದ, “ಯಾವಾಗ್ರೀ ಅಕ್ಕಾ?” ಎಂದ.

“ನಾಲ್ಕು ವರ್ಷ ಆಯ್ತು.”

ಅವನು ನನ್ನ ಕಡೆ ತಿರುಗಿದ. “ನಾಲ್ಕು ವರ್ಷಕ್ಕೂ ರೀಸೆಂಟ್ ಅಂತಾರೇನ್ರೀ ಮೇಡಂ?”

“ಇಷ್ಟೇ ದಿನ ಅಂತ ಲೆಕ್ಕ ಇಲ್ಲಪ್ಪ. ಫೋಟೋಗೆ ಆರು ತಿಂಗಳು ಅನ್ನು, ಮದುವೆಗೆ ಒಂದು ವರ್ಷ ಅನ್ನು. ಯಾವ ವಿಷಯ ಅನ್ನೋದರ ಮೇಲೆ ಹೋಗುತ್ತೆ.”

“ಸಾವಿಗೆ ಎಷ್ಟು ಮೇಡಂ?” ಎಂದು ಚೇತನಾ ಕೇಳಿದಳು. ಮೂವತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟ ನಾನು ಗಡಿಯಾರ ನೋಡಿ, ಇವತ್ತಿಗೆ ಸಾಕು ಎಂದೆ.

ಎಲ್ಲರೂ ಹೋದ ಮೇಲೆ ಅವಳು ನಿಂತಳು. ರಾಜಾಜಿನಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್ ಕೆಲಸ ಸಿಕ್ಕಿದೆ, ಹಬ್ಬ ಮುಗಿದ ಮೇಲಿನ ಸೋಮವಾರ ಸೇರಬೇಕು, ಅತ್ತೆಗೆ ಹೇಳಿಲ್ಲ ಎಂದಳು.

“ಹೇಳಿದ್ರೆ ಮೊನ್ನೆ ತಾನೆ ಅಂತಾರೆ. ಈ ಸಲಾನೂ ಬಿಟ್ರೆ ನಾನು ಆ ಮನೇಲೇ ಮುದುಕಿ ಆಗೋಗ್ತೀನಿ ಮೇಡಂ. ಉಸಿರು ಕಟ್ಟತ್ತೆ.”

ಅಷ್ಟರಲ್ಲಿ ಕಿಟಕಿಯಾಚೆ ಇಂದ್ರಮ್ಮ ಕುರ್ಚಿಯಿಂದ ಎದ್ದು ನಿಂತರು. ಚೇತನಾ ಚೀಲ ಎತ್ತಿಕೊಂಡು ಓಡಿದಳು.

ಯುಗಾದಿಯ ದಿನ ನನ್ನಿಂದ ತಡೆಯಲಾಗಲಿಲ್ಲ. ನಾನು ಅವರಿಗೆ ನೆಂಟಳಲ್ಲ, ಕರೆದವರೂ ಇಲ್ಲ. ಆದರೂ ಡಬ್ಬಿಗೆ ಬಿಸಿ ಒಬ್ಬಟ್ಟು ಹಾಕಿಕೊಂಡು ರಸ್ತೆ ದಾಟಿದೆ. ಆ ಓಣಿಯಲ್ಲಿ ತೋರಣ ಕಟ್ಟದ ಬಾಗಿಲು ಅದೊಂದೇ.

“ಬೇಡಿ ಮೇಡಂ. ಮೊನ್ನೆ ತಾನೆ...” ಎಂದು ಇಂದ್ರಮ್ಮ ಶುರುಮಾಡಿದರು.

“ನಾಲ್ಕು ವರ್ಷ ಆಯ್ತು ಇಂದ್ರಮ್ಮ!” ಎಂದು ನಾನು ಕ್ಲಾಸಿನ ದನಿಯಲ್ಲೇ ಗದರಿದೆ.

“ನಿಮಗೆ ಆಯ್ತು. ನಿಮ್ಮ ಮಗ ಅಲ್ವಲ್ಲ.”

ಡಬ್ಬಿ ಹಿಡಿದುಕೊಂಡು ಪೆಚ್ಚಾಗಿ ನಿಂತೆ. ಅಡುಗೆಮನೆಯಿಂದ ಚೇತನಾ ಬಂದಳು.

“ಅತ್ತೆ, ನಂಗೆ ಕೆಲಸ ಸಿಕ್ಕಿದೆ. ಸೋಮವಾರದಿಂದ.”

“ಜನ ಏನಂತಾರೆ? ನೀನೂ ಮರೆತುಬಿಟ್ರೆ ಅವನನ್ನ ನೆನೆಯೋರು ಯಾರೇ?”

“ನಾನು ಆಗಲೇ ಮರೀತಿದೀನಿ ಅತ್ತೆ,” ಎಂದಳು ಚೇತನಾ. ಅಳು ಒತ್ತರಿಸಿ ಬಂತು. “ಅವರ ದನಿ ಹೇಗಿತ್ತು ಅಂತ ನೆನಪೇ ಆಗಲ್ಲ. ಬಾಗಿಲಲ್ಲಿ ನಿಂತು ನನ್ನ ಹೇಗೆ ಕೂಗ್ತಿದ್ರು ಅಂತ ದಿನಾ ನೆನೆಸ್ಕೋತೀನಿ, ಬರಲ್ಲ. ಮೊನ್ನೆ ಮೊನ್ನೆ ಅಂತ ನೀವು ಅಂದಾಗೆಲ್ಲ ನಾನು ಪಾಪಿ ಅನ್ಸುತ್ತೆ.”

ಇಂದ್ರಮ್ಮ ಬೈಯುತ್ತಾರೆಂದು ನಾನು ಸೆರಗು ಬಿಗಿದುಕೊಂಡೆ. ಅವರು ಬೈಯಲಿಲ್ಲ. ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕೂತರು.

“ನಂಗೂ ಬರಲ್ಲ ಕಣೇ,” ಎಂದರು. “ಹೆತ್ತೋಳಿಗೇ ಬರಲ್ಲ. ಬಹಳ ದಿನ ಆಯ್ತು ಅಂತ ಒಪ್ಕೊಂಡ್ರೆ ಉಳಿದಿರೋದೂ ಹೋಗ್ಬಿಡುತ್ತೆ ಅಂತ ಭಯ.”

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಚೇತನಾ ಅತ್ತೆಯ ಪಕ್ಕ ಕೂತಳು. ಇಬ್ಬರೂ ಅತ್ತರು, ನನಗೂ ಅಳು ಬಂತು.

ಆಮೇಲೆ ಇಂದ್ರಮ್ಮ ಕಣ್ಣೊರೆಸಿಕೊಂಡು, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಒಂದು ಒಬ್ಬಟ್ಟು ಮುರಿದು ಸೊಸೆಯ ಬಾಯಿಗಿಟ್ಟರು. ಇನ್ನೊಂದು ಚೂರನ್ನು ನಾನು ಅವರ ಬಾಯಿಯ ಹತ್ತಿರ ಹಿಡಿದೆ. ಅವರು ಮುಖ ಪಕ್ಕಕ್ಕೆ ತಿರುಗಿಸಿದರು.

“ಅವಳು ಹೋಗಿ ಬರ್ಲಿ ಮೇಡಂ. ನನ್ನ ಬಿಟ್ಬಿಡಿ.”