ಕಿಟಕಿಯಿಂದ ಬಿದ್ದ ಚೀಲ

ಶಿರಸಿಯ ಬಸ್ ನಿಲ್ದಾಣದಲ್ಲಿ ಈಗಲೂ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲು, ಕೊಡೆ, ಕೈಚೀಲ ಒಳಗೆ ಬೀಳುತ್ತವೆ. ಯಾರದು ಮೊದಲು ಬಿತ್ತೋ ಸೀಟು ಅವರದ್ದು. ಈ ಕಾನೂನನ್ನು ಯಾರೂ ಬರೆದಿಲ್ಲ, ಮುರಿಯುವವರೂ ಇಲ್ಲ. ಒಮ್ಮೆ ಮುರಿಯಲು ಹೊರಟವಳು ನಾನು.

ಆಗ ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದೆ. ಚರ್ಚಾಸ್ಪರ್ಧೆಯ ಹುಚ್ಚು. ತಾಲೀಮು ಮುಗಿಸಿ ಓಡಿ ಬರುವಷ್ಟರಲ್ಲಿ ಹೆಗ್ಗರಣೆ ಕಡೆಯ ಸಂಜೆ ಬಸ್ಸು ತುಂಬಿರುತ್ತಿತ್ತು. ಆದರೂ ನಾನು ನಿಂತು ಹೋದದ್ದಿಲ್ಲ. ಪೇಟೆಯ ಟೇಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದ ನಮ್ಮೂರಿನ ಒಬ್ಬರು, ಊರಿಗೆಲ್ಲ ಅತ್ತೆ, ರವಿಕೆ ಚೂರುಗಳ ತಮ್ಮ ಚೀಲ ಒಗೆದು ನನಗೊಂದು ಸೀಟು ಹಿಡಿದಿರುತ್ತಿದ್ದರು. ದಾರಿಯುದ್ದಕ್ಕೂ ಅವರೆದುರು ನನ್ನ ವಾದ ಒಪ್ಪಿಸುತ್ತಿದ್ದೆ. ಅವರು ಹುರಿಗಡಲೆ ಜಗಿಯುತ್ತ, "ಅದೆಲ್ಲ ಸರಿ ಕೂಸೆ, ಮಾಡವ್ವು ಯಾರು?" ಎಂದು ಒಂದೇ ಪ್ರಶ್ನೆಯಲ್ಲಿ ಕೆಡವುತ್ತಿದ್ದರು.

ಒಂದು ದಿನ ಲೈಬ್ರರಿಯ ನಿಘಂಟಿನಲ್ಲಿ 'ಬಸ್' ಸಿಕ್ಕಿತು. ಮೂಲ ಲ್ಯಾಟಿನ್ನಿನ 'ಓಮ್ನಿಬಸ್', ಅಂದರೆ 'ಎಲ್ಲರಿಗಾಗಿ'. ಫ್ರಾನ್ಸಿನ ಕುದುರೆ ಗಾಡಿಗಳಿಗೆ ಬಂದ ಹೆಸರು ಇಂಗ್ಲಿಷರ ಬಾಯಲ್ಲಿ ರುಂಡ ಕಳೆದುಕೊಂಡಿತು. 'ಎಲ್ಲರೂ' ಇಳಿದುಹೋಗಿ ಬರೀ 'ಗಾಗಿ' ಉಳಿಯಿತು. ನನಗೋ, ಅಸ್ತ್ರ ಸಿಕ್ಕ ಖುಷಿ.

ಅದೇ ಸಂಜೆ ಬಸ್ಸು ಹತ್ತಿದರೆ, ಬನವಾಸಿ ಕಡೆಯ ಹಿರಿಯರೊಬ್ಬರು ಅತ್ತೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

"ಏನ್ರೀ, ಚೀಲಕ್ಕೂ ಸೀಟ್ ಬೇಕೇನ್ರೀ?"

ನಾನು ಸುಮ್ಮನಿರಬಹುದಿತ್ತು. "ಅತ್ತೆ, ಅವು ಹೇಳದು ಸರಿ. ಬಸ್ಸು ಅಂದ್ರೆ ಎಲ್ಲರಿಗಾಗಿ ಹೇಳಿ ಅರ್ಥ. ಸೀಟು ಹಿಡಿಯದು ತಪ್ಪು," ಎಂದು ಲ್ಯಾಟಿನ್ ಸಮೇತ ಮಂಡಿಸಿದೆ.

"ಭಾಳ ಚಲೋ ಹೇಳಿದಿ ತಂಗಿ," ಎಂದವರೇ ಹಿರಿಯರು ನನ್ನ ಸೀಟಿನಲ್ಲಿ ಕೂತರು.

ಅತ್ತೆ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಹಂಗಾರೆ ನಿಂತ್ಗ ಕೂಸೆ, ಎಲ್ಲರ ಹಂಗೆ."

ಮರುದಿನದಿಂದ ಚೀಲ ಅವರ ಮಡಿಲಲ್ಲೇ ಇತ್ತು. ಪಕ್ಕದಲ್ಲಿ ದಿನಕ್ಕೊಬ್ಬರು. ಕಂಬಿ ಹಿಡಿದು ಜೋಲಾಡುವಾಗ ನನ್ನ ವಾದದ ತೂತು ನನಗೇ ಕಂಡಿತು. ಪದ ಎಲ್ಲಿ ಹುಟ್ಟಿತೆಂದು ಹೇಳಿದ ಮಾತ್ರಕ್ಕೆ ಜನ ಹೇಗೆ ಬದುಕಬೇಕೆಂದು ಸಾಬೀತಾಗುತ್ತದೆಯೆ? ಎದುರಾಳಿ ಹೀಗೆ ವಾದಿಸಿದ್ದರೆ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. ಆದರೆ ಇದನ್ನು ಹೇಳಿಕೊಳ್ಳಲು ನನಗೆ ಅತ್ತೆಯೇ ಬೇಕಿತ್ತು, ಅವರು ಕಿಟಕಿಯಾಚೆ ನೋಡುತ್ತಿದ್ದರು.

ಎರಡನೇ ವಾರ ತಾಲೀಮಿಗೆ ಚಕ್ಕರ್ ಹಾಕಿ ಬೇಗ ಬಂದೆ. ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿದ್ದಂತೆ ನನ್ನ ಟಿಪ್ಪಣಿಗಳ ಫೈಲನ್ನು ಕಿಟಕಿಯಿಂದ ಒಗೆದೆ. ಸೀಟು ಕೇಳಿದ ಮೂವರಿಗೂ "ಜನ ಇದ್ದಾರೆ" ಎಂದು ಮುಖ ಗಂಟಿಕ್ಕಿ ಹೇಳಿದೆ.

ಅತ್ತೆ ಹತ್ತಿದರು. ಫೈಲು ನೋಡಿದರು. "ಎಂತದೆ ಇದು? ಬಸ್ಸು ಎಲ್ಲರಿಗೂ ಅಲ್ದನೆ?"

"ಹೌದು. ಈ ಸೀಟೊಂದು ನಿಂಗೆ."

ಕೂತರು. ಬಸ್ಸು ಪೇಟೆ ದಾಟಿತು. ಆಮೇಲೆ ಚೀಲದಿಂದ ಹುರಿಗಡಲೆಯ ಪೊಟ್ಟಣ ತೆಗೆದು ನನ್ನ ಕಡೆ ಚಾಚಿದರು.

"ನಾಳೆ ಚರ್ಚೆಗೆ ಎಂತ ವಿಷ್ಯ?"